ರ‍್ಯಾಂಗ್ಲರ್ ಪರಾಂಜಪೆ

ಪುಣೆಯಲ್ಲಿ ನೆಲೆಸಿದ ನಮ್ಮ ಕನ್ನಡಿಗರ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಓದಿನ ಬುದ್ಧಿ ಹೇಳುವಾಗ ಒಂದು ಕಾಲಕ್ಕೆ ತಪ್ಪದೆ ಬರುತ್ತಿದ್ದ ಹೆಸರು ರ‍್ಯಾಂಗ್ಲರ್ ಪರಾಂಜಪೆಯವರದು. ರ‍್ಯಾಂಗ್ಲರ್ ಎಂಬುದು ಅವರಿಗೆ ಹೆತ್ತವರೇ ಇಟ್ಟ ಹೆಸರೆಂದು ಬಾಲ್ಯದಲ್ಲಿ ನಾವು ತಿಳಿದಿದ್ದೆವು. ಅವರ ನಿಜನಾಮ ರಘುನಾಥ ಪುರುಷೋತ್ತಮ ಪರಾಂಜಪೆ ಎಂತಲೂ, ರ‍್ಯಾಂಗ್ಲರ್ ಎಂಬುದು ಕೇಂಬ್ರಿಜ್ ವಿಶ್ವವಿದ್ಯಾಲಯದ ಒಂದು ಪರೀಕ್ಷೆಯಿಂದ ಬಂದ ಬಿರುದೆಂತಲೂ ತಿಳಿದುಬಂದದ್ದು ಆಮೇಲೆ. ಒಂದು ಪರೀಕ್ಷೆಯ ಫಲ ಮನುಷ್ಯನ ಹೆಸರಿಗೇ ಅಂಟಿಕೊಂಡು ಸಾಯುವ ತನಕ ಜೊತೆಗಿದ್ದ ಉದಾಹರಣೆ ನಮ್ಮ ದೇಶದಲ್ಲಿ ಬಹಳ ಇರಲಾರದು. ಮನೆಮನೆಯಲ್ಲೂ ಪ್ರವೇಶಪರೀಕ್ಷೆ, ಕ್ರಮಾಂಕ, ಕೋಚಿಂಗ್ ತರಗತಿ ಎಂಬ ಮಾತುಗಳೇ ಕಿವಿಗೆ ಬೀಳುವ ಈ ದಿನಗಳಲ್ಲಿ ಆ ಪರೀಕ್ಷೆ ಎಂಥದು, ಅದನ್ನು ಗೆದ್ದವರು ಗೆದ್ದ ಮೇಲೆ ಏನು ಮಾಡಿದರು ಎಂಬುದನ್ನು ನೆನೆದುಕೊಳ್ಳೋಣ ಎಂದು ಈ ಬರೆಹಕ್ಕೆ ಕೈಹಾಕಿದ್ದೇವೆ.

ಕಥೆಯನ್ನು ಪರಾಂಜಪೆಯವರಿಂದಲ್ಲ, ಅವರ ಬಂಧುಗಳಾದ ಧೋಂಡೊ ಕೇಶವ ಕರ್ವೆಯವರಿಂದ ಆರಂಭಿಸಬೇಕು. ಕೊಂಕಣದ ಮುರುಡಿನ ಈ ಬಡಹುಡುಗ ಹದಿನೇಳರ ಪ್ರಾಯದಲ್ಲಿ ಸರಕಾರದ ಪರೀಕ್ಷೆಯೊಂದಕ್ಕೆ ಕೂಡಬೇಕೆಂದು ಜೊತೆಗಾರರೊಡನೆ ಸಾತಾರೆಗೆ ಹೊರಟ. ಗಾಡಿಗೆ ಕೊಡಲು ಹಣವಿಲ್ಲ. ಮಳೆಗಾಲದಲ್ಲಿ ಘಟ್ಟ ಹತ್ತಿ ಕಾಡು ದಾಟಿ ನೂರು ಮೈಲಿಗೂ ಮಿಕ್ಕಿದ ದಾರಿಯನ್ನು ಕಾಲ್ನಡಿಗೆಯಲ್ಲೇ ಮುಗಿಸಿದರು. ಅಲ್ಲಿ ಪರೀಕ್ಷಾಮಂಡಲಿಯ ಅಧ್ಯಕ್ಷರು ಈ ಸಣಕಲು ಹುಡುಗನನ್ನು ನೋಡಿ, ಹದಿನೇಳು ವರ್ಷ ತುಂಬಿದವನ ಹಾಗೆ ಕಾಣುವುದಿಲ್ಲವೆಂದು ಹೊರಗೆ ಕಳಿಸಿಬಿಟ್ಟರು. ಪ್ರಶ್ನಪತ್ರಿಕೆಯನ್ನು ಕಣ್ಣಿನಿಂದ ಕೂಡ ನೋಡದೆ ಆತ ಹಿಂದಿರುಗಿದ. ಆಮೇಲೆ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತ ಓದಿ ಪದವಿ ಪಡೆದು, ಹುಡುಗರಿಗೆ ಪಾಠ ಹೇಳಿ ಜೀವಿಸಿದ ಕರ್ವೆಯವರಿಗೆ ಪರೀಕ್ಷೆಯ ಬಾಗಿಲಲ್ಲಿ ನಿಂತು ಮರಳುವುದೆಂದರೆ ಏನೆಂಬುದು ಚೆನ್ನಾಗಿ ಗೊತ್ತಿತ್ತು. ಅವರ ಮುಂದಿನ ಬಾಳೆಲ್ಲ ಇನ್ನೊಬ್ಬರಿಗೆ ಬಾಗಿಲು ತೆರೆಯುವುದರಲ್ಲೇ ಕಳೆಯಿತು. ಆ ಬಾಗಿಲಿನಿಂದ ಮೊದಲಿಗೆ ಒಳಹೊಕ್ಕವರಲ್ಲಿ ಪರಾಂಜಪೆ ಒಬ್ಬರು.

ಪರಾಂಜಪೆಯವರು ಹುಟ್ಟಿದ್ದು 1876ರ ಫೆಬ್ರವರಿ 16ರಂದು, ಅದೇ ದಾಪೋಲಿ ತಾಲ್ಲೂಕಿನ ಮುರ್ಡಿ ಎಂಬ ಹಳ್ಳಿಯಲ್ಲಿ. ತೆಂಗು, ಅಡಕೆ, ಕಡಲು, ಬಡತನ—ನಮ್ಮ ಕಾರವಾರ, ಕುಮಟೆಗಳ ಕಡೆಯವರಿಗೆ ಆ ಊರನ್ನು ವರ್ಣಿಸಿ ಹೇಳಬೇಕಾದ್ದಿಲ್ಲ. ಹುಡುಗನ ಬುದ್ಧಿಯನ್ನು ಕಂಡ ಕರ್ವೆಯವರು ಅವನನ್ನು ಮುಂಬಯಿಗೆ ಕರೆತಂದು ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸಿದರು. 1891ರಲ್ಲಿ ಕರ್ವೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಗಣಿತದ ಅಧ್ಯಾಪಕರಾಗಿ ಬಂದರು. ಪರಾಂಜಪೆಯವರ ಕಾಲೇಜು ವ್ಯಾಸಂಗವೂ ಅಲ್ಲಿಯೇ ನಡೆಯಿತು. 1893ರಲ್ಲಿ ಕರ್ವೆಯವರು, ಪತ್ನಿ ತೀರಿಕೊಂಡ ಎರಡು ವರ್ಷಗಳ ಮೇಲೆ, ಒಬ್ಬ ವಿಧವೆಯನ್ನು ಮದುವೆಯಾದರು. ಆಕೆ ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಓದಿದ ಮೊದಲ ವಿಧವಾ ವಿದ್ಯಾರ್ಥಿನಿ. ರಮಾಬಾಯಿಯವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಎಂಬುದನ್ನು ಪ್ರಸಂಗವಶಾತ್ ನೆನಪಿಸುತ್ತೇವೆ. ಮದುವೆಯಾದ ಕರ್ವೆಯವರಿಗೆ ಮುರುಡಿನ ಜನ ಬಹಿಷ್ಕಾರ ಹಾಕಿದರು. ಪರೀಕ್ಷೆಗಳಲ್ಲಿ ಒಂದರ ಮೇಲೊಂದು ಉನ್ನತ ಸ್ಥಾನ ಗಳಿಸುತ್ತಿದ್ದ ತರುಣ ಪರಾಂಜಪೆಗೆ ಗಣಿತದ ಜೊತೆಗೆ ಈ ಪಾಠವೂ ದೊರೆಯಿತು.

ಪದವಿಯ ನಂತರ, 1896ರಲ್ಲಿ, ಅವರಿಗೆ ಭಾರತ ಸರಕಾರದ ವಿದ್ಯಾರ್ಥಿವೇತನ ದೊರೆತು ವಿಲಾಯತಿಗೆ ಹೋಗುವ ಯೋಗ ಕೂಡಿಬಂತು. ಈ ವೇತನ ಬಹಳ ವಿರಳವಾದದ್ದು. ವಿಶ್ವವಿದ್ಯಾಲಯಗಳ ಅತ್ಯುತ್ತಮ ವಿದ್ಯಾರ್ಥಿಗಳಿಗೆ ಸರದಿಯ ಮೇಲೆ ದೊರೆಯುವಂಥದು. ಆದರೆ ಅತ್ಯುತ್ತಮ ಎಂದರೆ ಎಲ್ಲರೂ ಅಲ್ಲ. ಇದಕ್ಕೆ ಕೆಲವೇ ವರ್ಷ ಮೊದಲು ಇದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಕೊರ್ನೀಲಿಯಾ ಸೊರಾಬ್ಜಿ ಎಂಬ ತರುಣಿ ಹುಡುಗರನ್ನೆಲ್ಲ ಹಿಂದೆ ಹಾಕಿ ಮೊದಲಿಗಳಾಗಿ ತೇರ್ಗಡೆಯಾಗಿದ್ದಳು. ನ್ಯಾಯವಾಗಿ ಇಂಗ್ಲೆಂಡಿಗೆ ಹೋಗುವ ಸರಕಾರಿ ವೇತನ ಅವಳಿಗೆ ಸಲ್ಲಬೇಕಾಗಿತ್ತು. ಹೆಣ್ಣೆಂಬ ಕಾರಣಕ್ಕೆ ಸಲ್ಲಲಿಲ್ಲ. ಹಿತೈಷಿಗಳು ಕೂಡಿಸಿಕೊಟ್ಟ ಹಣದಿಂದ ಆಕೆ 1889ರಲ್ಲಿ ಆಕ್ಸ್‌ಫರ್ಡ್ ಸೇರಿ, 1892ರಲ್ಲಿ ಕಾನೂನಿನ ಪರೀಕ್ಷೆ ಬರೆದು ಮುಗಿಸಿದರೂ, ಪದವಿ ಕೈಗೆ ಬಂದದ್ದು ಮೂವತ್ತು ವರ್ಷ ಕಳೆದ ಮೇಲೆ. ಅದೃಷ್ಟ ಮತ್ತು ಅರ್ಹತೆ ಎಂಬ ಎರಡು ಮಾತುಗಳ ಗಡಿ ಎಲ್ಲಿದೆಯೋ ಹೇಳುವುದು ಕಷ್ಟ.

ಪರಾಂಜಪೆಯವರು ಸೇರಿದ್ದು ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜನ್ನು. ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ಇಂದು ಕೇಂಬ್ರಿಜ್ ಎಂದರೆ ಪ್ರವೇಶ ದುರ್ಲಭವಾದ ಸ್ಥಳ. ಸುಮಾರು 3,500 ಜಾಗಗಳಿಗೆ ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುತ್ತಾರೆ. ಸಂದರ್ಶನವಿದೆ, ಗಣಿತಕ್ಕೆಂದರೆ ಪ್ರತ್ಯೇಕ ಕಠಿಣ ಪ್ರಶ್ನಪತ್ರಿಕೆಗಳೂ ಇವೆ. 1896ರಲ್ಲಿ ಹಾಗಿರಲಿಲ್ಲ. ಹಣವಿದ್ದು, ಒಳ್ಳೆಯ ಶಾಲೆಯಲ್ಲಿ ಓದಿ, ಗ್ರೀಕ್, ಲ್ಯಾಟಿನ್ ಭಾಷೆಗಳ ಪ್ರಾಥಮಿಕ ಪರೀಕ್ಷೆಯೊಂದನ್ನು ದಾಟಬಲ್ಲ ಆಂಗ್ಲ ಗೃಹಸ್ಥನ ಮಗನಿಗೆ ಪ್ರವೇಶ ದೊಡ್ಡ ಪ್ರಶ್ನೆಯಾಗಿರಲಿಲ್ಲ. ಬಾಗಿಲಲ್ಲಿ ನಡೆಯಬೇಕಾದ ಜರಡಿಯ ಕೆಲಸವನ್ನು ಕುಲ, ಧನ, ಧರ್ಮಗಳು ಮೊದಲೇ ಮಾಡಿ ಮುಗಿಸಿರುತ್ತಿದ್ದವು. ಆಂಗ್ಲಿಕನ್ ಮತಕ್ಕೆ ಸೇರದವರು ಕಾಲೇಜಿನ ಫೆಲೋ ಆಗಲು ಅಡ್ಡಿಯಾಗಿದ್ದ ನಿಬಂಧನೆ ತೆಗೆದುಹಾಕಲ್ಪಟ್ಟದ್ದೇ 1871ರಲ್ಲಿ. ಆದ್ದರಿಂದ ಆ ಕಾಲದ ನಿಜವಾದ ಸ್ಪರ್ಧೆ ಬಾಗಿಲ ಹೊರಗಲ್ಲ, ಒಳಗೆ.

ಆ ಒಳಗಿನ ಸ್ಪರ್ಧೆಯ ಹೆಸರು ಗಣಿತದ ಟ್ರೈಪಾಸ್. ಹಿಂದೆ ಪರೀಕ್ಷಕನು ಮೂರು ಕಾಲಿನ ಮಣೆಯ ಮೇಲೆ ಕುಳಿತು ವಿದ್ಯಾರ್ಥಿಯೊಡನೆ ವಾದಿಸುತ್ತಿದ್ದನಂತೆ. ಅದರಿಂದ ಈ ಹೆಸರು. ವಾದಿಸುವವನು ರ‍್ಯಾಂಗ್ಲರ್. ವಾದ ಹೋಗಿ ಬರೆಹದ ಪರೀಕ್ಷೆ ಬಂದ ಮೇಲೂ ಮೊದಲ ದರ್ಜೆಯವರಿಗೆ ಆ ಹೆಸರು ಉಳಿಯಿತು. ಎರಡನೆಯ ದರ್ಜೆಯವರು ಸೀನಿಯರ್ ಆಪ್ಟಿಮೆಗಳು, ಮೂರನೆಯವರು ಜೂನಿಯರ್ ಆಪ್ಟಿಮೆಗಳು. ದರ್ಜೆ ಮಾತ್ರ ಹೇಳಿ ಬಿಡುತ್ತಿರಲಿಲ್ಲ. ಒಂದನೆಯವನಿಂದ ಕಟ್ಟಕಡೆಯವನವರೆಗೆ ಪ್ರತಿಯೊಬ್ಬನಿಗೂ ಕ್ರಮಾಂಕ ಹಾಕಿ, ಸೆನೆಟ್ ಭವನದಲ್ಲಿ ಎಲ್ಲರೆದುರಿಗೆ ಪಟ್ಟಿಯನ್ನು ಓದುತ್ತಿದ್ದರು. ಒಂದನೆಯವನು ಸೀನಿಯರ್ ರ‍್ಯಾಂಗ್ಲರ್. ಅವನ ಚಿತ್ರ ಪತ್ರಿಕೆಗಳಲ್ಲಿ ಬರುವುದು, ಅವನ ಊರಿನಲ್ಲಿ ಸಂಭ್ರಮವಾಗುವುದು. ಕಟ್ಟಕಡೆಯ ಆಪ್ಟಿಮೆಗೆ ಒಂದು ಮರದ ಚಮಚ. ಅವನು ಪದವಿ ಸ್ವೀಕರಿಸಲು ಬಂದಾಗ ಸಹಪಾಠಿಗಳು ಮೇಲಿನ ಮೊಗಸಾಲೆಯಿಂದ ಹಗ್ಗ ಕಟ್ಟಿ ಅದನ್ನು ಅವನ ಮುಂದೆ ಇಳಿಬಿಡುವರು. ಚಮಚವೆಂದರೆ ಅಡಿಗೆಮನೆಯದಲ್ಲ, ಬರಬರುತ್ತಾ ಅದು ಆಳೆತ್ತರ ಬೆಳೆದಿತ್ತು. ಗೇಲಿ ಮಾಡುವವರೂ ನಗುವರು, ಗೇಲಿಗೊಳಗಾದವನೂ ನಗುವನು. ಆಮೇಲೆ ಕೊಠಡಿಗೆ ಹೋಗಿ ಏನು ಮಾಡುತ್ತಿದ್ದನೋ ಅವನಿಗೇ ಗೊತ್ತು.

ಈ ಪರೀಕ್ಷೆಗೆ ಪ್ರಾಧ್ಯಾಪಕರ ಉಪನ್ಯಾಸ ಕೇಳಿ ಪ್ರಯೋಜನವಿರಲಿಲ್ಲ. ಹಣ ಕೊಟ್ಟು ಖಾಸಗಿ ಗುರುವಿನಲ್ಲಿ ತರಬೇತು ಪಡೆಯಬೇಕು. ಓದಿಸುವವನಿಗೆ ಕೋಚ್ ಎಂಬ ಮಾತು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಹುಡುಗರ ಆಡುಮಾತಿನಲ್ಲಿ ಹುಟ್ಟಿದ್ದು. ಗಾಡಿಯ ಹಾಗೆ ಸಾಗಿಸಿ ದಡ ಮುಟ್ಟಿಸುವವನು ಎಂದು ಅರ್ಥ. ನಮ್ಮ ಮಕ್ಕಳನ್ನು ರಾಜಸ್ಥಾನದ ಕೋಟಾದವರೆಗೂ ಕಳಿಸುತ್ತಿರುವ ನಾವು ಆ ಗಾಡಿಯ ಮೂಲ ಎಲ್ಲಿದೆಯೆಂದು ಬಲ್ಲೆವೆ? ಕೇಂಬ್ರಿಜ್ಜಿನ ಕೋಚುಗಳಲ್ಲಿ ಅತ್ಯಂತ ಪ್ರಸಿದ್ಧರಾದ ಎಡ್ವರ್ಡ್ ರೌತ್ ಎಂಬುವರು 1888ರವರೆಗೆ ಇಪ್ಪತ್ತಕ್ಕೂ ಹೆಚ್ಚು ಸೀನಿಯರ್ ರ‍್ಯಾಂಗ್ಲರುಗಳನ್ನು ತಯಾರು ಮಾಡಿದರು. ಅವರ ಮನೆಯಲ್ಲಿ ವಾರವಾರವೂ ಲೆಕ್ಕಗಳ ಪತ್ರಿಕೆ. ಗಳಿಸಿದ ಅಂಕಗಳು ಎಲ್ಲರ ಕಣ್ಣಿಗೂ ಬೀಳುವಂತೆ ಪ್ರಕಟಣೆ. ಲೆಕ್ಕ ಗೊತ್ತಿದ್ದರೆ ಸಾಲದು, ಗಡಿಯಾರದ ಮುಳ್ಳಿಗಿಂತ ಮೊದಲು ಕೈ ಓಡಬೇಕು. ರೌತ್ ನಿವೃತ್ತರಾದ ಮೇಲೂ ಈ ಸಂಪ್ರದಾಯ ನಿಲ್ಲಲಿಲ್ಲ. ಮೂರು ವರ್ಷ ಹೀಗೆ ಸಾಣೆ ಹಿಡಿಸಿಕೊಂಡ ಹುಡುಗರೊಂದಿಗೆ ಮುರ್ಡಿಯ ಹುಡುಗ ಓಡಬೇಕಾಗಿತ್ತು.

ವಿದ್ಯಾರ್ಥಿಜೀವನದ ಉಳಿದ ಕಟ್ಟಳೆಗಳೂ ಕಡಮೆ ವಿಚಿತ್ರವಾಗಿರಲಿಲ್ಲ. ಕತ್ತಲಾದ ಮೇಲೆ ಬೀದಿಗಿಳಿದರೆ ಕರಿಯ ನಿಲುವಂಗಿ ತೊಟ್ಟಿರಬೇಕು. ಇಲ್ಲವಾದರೆ ಪ್ರಾಕ್ಟರ್ ಎಂಬ ಅಧಿಕಾರಿ ತನ್ನ ಸೇವಕರೊಡನೆ ಬಂದು ಹಿಡಿದು ದಂಡ ಹಾಕುವನು. ರಾತ್ರಿ ಹೊತ್ತಿಗೆ ಸರಿಯಾಗಿ ಕಾಲೇಜಿನ ಹೆಬ್ಬಾಗಿಲು ಮುಚ್ಚುವುದು. ಊಟ ದೊಡ್ಡ ಸಭಾಂಗಣದಲ್ಲಿ, ಎತ್ತರದ ಜಗಲಿಯ ಮೇಲೆ ಗುರುಗಳು, ಕೆಳಗೆ ಶಿಷ್ಯರು. ಬೆಳಗ್ಗೆ ಓದಿದವರು ಮಧ್ಯಾಹ್ನ ಪುಸ್ತಕ ಮುಟ್ಟುವುದು ಅಪರೂಪ; ಮೈಲಿಗಟ್ಟಲೆ ನಡೆಯುವುದು, ಇಲ್ಲವೇ ಕ್ಯಾಮ್ ನದಿಯಲ್ಲಿ ದೋಣಿ ಹುಟ್ಟುಹಾಕುವುದು. ಸೇಂಟ್ ಜಾನ್ಸ್‌ನ ದೋಣಿ ಕೂಟಕ್ಕೆ ಕಾಲೇಜಿನ ಸ್ಥಾಪಕಿಯಾದ ಲೇಡಿ ಮಾರ್ಗರೆಟ್ ಎಂಬಾಕೆಯ ಹೆಸರು. ಓದಿನಲ್ಲಿ ಮಿಂಚುವವನಿಗಿಂತ ಆಟದಲ್ಲಿ ಮಿಂಚುವವನಿಗೆ ಅಲ್ಲಿ ಹೆಚ್ಚಿನ ಮರ್ಯಾದೆ ಸಂದದ್ದುಂಟು. ಟ್ರಿನಿಟಿ ಕಾಲೇಜಿನಲ್ಲಿದ್ದು 1893ರಲ್ಲಿ ವಿಶ್ವವಿದ್ಯಾಲಯದ ಪರವಾಗಿ ಕ್ರಿಕೆಟ್ ಆಡಿದ ರಣಜಿತ್‌ಸಿಂಹಜಿಯವರು ಪದವಿ ಪಡೆಯದೆಯೇ ಹೊರಬಿದ್ದರು. 1896ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಪರವಾಗಿ ಆಸ್ಟ್ರೇಲಿಯದೆದುರು ಔಟಾಗದೆ 154 ಓಟ ಹೊಡೆದು ದೇಶಕ್ಕೆ ದೇಶವನ್ನೇ ಬೆರಗುಗೊಳಿಸಿದರು. ಪರಾಂಜಪೆಯವರು ಅಲ್ಲಿಗೆ ಬಂದದ್ದು ಅದೇ ವರ್ಷ. ಭಾರತದವನೆಂದರೆ ಬ್ಯಾಟು ಹಿಡಿಯಬಲ್ಲವನೆಂದು ಆಂಗ್ಲರು ಆಗ ತಾನೇ ಒಪ್ಪಿದ್ದರು. ಲೆಕ್ಕ ಮಾಡಬಲ್ಲನೆಂದು ಒಪ್ಪಿಸುವುದು ಇನ್ನೂ ಉಳಿದಿತ್ತು. 1874ರಲ್ಲೇ ವಂಗದ ಆನಂದಮೋಹನ ಬೋಸರು ರ‍್ಯಾಂಗ್ಲರ್ ಆದ ಮೊದಲ ಭಾರತೀಯರೆನಿಸಿದ್ದರೂ ಪಟ್ಟಿಯ ತುದಿಗೆ ಯಾರೂ ಏರಿರಲಿಲ್ಲ.

ಹಾಗೆಂದು ಅಲ್ಲಿನ ಭಾರತೀಯರು ಒಂಟಿಗಳಾಗಿರಲಿಲ್ಲ. 1891ರಲ್ಲಿ ಅವರೇ ಮಜ್ಲಿಸ್ ಎಂಬ ಒಂದು ಸಂಘವನ್ನು ಕಟ್ಟಿಕೊಂಡಿದ್ದರು. ವಾರದ ಕೊನೆಯಲ್ಲಿ ಸೇರುವುದು, ಊರಿನ ಸುದ್ದಿ ಮಾತಾಡುವುದು, ದೇಶದ ಪ್ರಶ್ನೆಗಳ ಮೇಲೆ ವಾದ ಹೂಡುವುದು. ಪರವೂರಿಗೆ ಬಂದ ಜನ ಮೊದಲು ಮಾಡುವ ಕೆಲಸವೇ ಒಂದು ಸಂಘ ಕಟ್ಟುವುದು, ಎರಡನೆಯದು ಅದರಲ್ಲಿ ಜಗಳವಾಡುವುದು ಎಂದು ನಮ್ಮ ಸಂಘದ ಹಿರಿಯರೊಬ್ಬರು ಹೇಳುತ್ತಿದ್ದುದುಂಟು. ಇರಲಿ.

ಪರಾಂಜಪೆಯವರ ಮೊದಲ ವರ್ಷದ ಕೊನೆಯಲ್ಲಿ, 1897ರ ಮೇ 21ರಂದು, ಕೇಂಬ್ರಿಜ್ ಎಂದೂ ಮರೆಯಲಾಗದ ಒಂದು ಸಂಗತಿ ನಡೆಯಿತು. ಗರ್ಟನ್, ನ್ಯೂನಮ್ ಎಂಬ ಎರಡು ಹೆಣ್ಣುಮಕ್ಕಳ ಕಾಲೇಜುಗಳು ಆ ವೇಳೆಗೆ ಕಾಲು ಶತಮಾನಕ್ಕೂ ಮೀರಿ ನಡೆದುಬಂದಿದ್ದವು. 1881ರಿಂದ ಆ ವಿದ್ಯಾರ್ಥಿನಿಯರಿಗೆ ಟ್ರೈಪಾಸ್ ಬರೆಯುವ ಹಕ್ಕೂ ಇತ್ತು. ಪದವಿ ಮಾತ್ರ ಇರಲಿಲ್ಲ. ಹೆಸರುಗಳನ್ನು ಗಂಡಸರ ಪಟ್ಟಿಯ ನಂತರ ಬೇರೆಯಾಗಿ ಓದುತ್ತಿದ್ದರು. 1890ರಲ್ಲಿ ಫಿಲಿಪಾ ಫಾಸೆಟ್ ಎಂಬ ನ್ಯೂನಮ್‌ನ ತರುಣಿ ಗಂಡಸರಲ್ಲಿ ಒಂದನೆಯವನಿಗಿಂತಲೂ ಹೆಚ್ಚು ಅಂಕ ಗಳಿಸಿದ್ದಳು. ಅವಳನ್ನು ಸೀನಿಯರ್ ರ‍್ಯಾಂಗ್ಲರ್ ಎನ್ನುವಂತಿಲ್ಲ. ಆದ್ದರಿಂದ ಸೀನಿಯರ್ ರ‍್ಯಾಂಗ್ಲರನ ಮೇಲಿನವಳು ಎಂದು ಓದಿದರು. ಒಂದಕ್ಕಿಂತ ಮೇಲಿನ ಸ್ಥಾನ ಯಾವುದೆಂಬುದು ಗಣಿತದಲ್ಲಿ ಕೂಡ ಬಿಡಿಸಲಾರದ ಲೆಕ್ಕವೇ ಸರಿ. ಇಂಥ ವಿದ್ಯಾರ್ಥಿನಿಯರಿಗೆ ಪದವಿಯ ಬಿರುದನ್ನಾದರೂ ಕೊಡೋಣವೇ ಎಂಬ ಸೂಚನೆ 1897ರಲ್ಲಿ ಮತಕ್ಕೆ ಬಂತು. ಹಳೆಯ ಪದವೀಧರರು ಮತ ಹಾಕಲು ರೈಲುಗಳಲ್ಲಿ ತುಂಬಿಕೊಂಡು ಬಂದರು. ಸೆನೆಟ್ ಭವನದ ಎದುರಿನ ಪುಸ್ತಕದಂಗಡಿಯ ಮೇಲ್ಗಡೆ ಹುಡುಗರು ಸೈಕಲ್ಲೇರಿದ ಹೆಣ್ಣಿನ ಗೊಂಬೆಯೊಂದನ್ನು ತೂಗುಹಾಕಿದ್ದರು. ಪರವಾಗಿ 660ರಷ್ಟು, ವಿರೋಧವಾಗಿ 1,700ಕ್ಕೂ ಮಿಕ್ಕಿ ಮತಗಳು ಬಿದ್ದವು. ಫಲ ತಿಳಿದೊಡನೆ ಹುಡುಗರ ಗುಂಪು ಗೊಂಬೆಯನ್ನು ಕಿತ್ತು ಹರಿದು ಅದನ್ನು ನ್ಯೂನಮ್ ಕಾಲೇಜಿನ ಬಾಗಿಲಿಗೆ ಒಯ್ದಿತು. ರಾತ್ರಿ ಪೇಟೆಯ ಚೌಕದಲ್ಲಿ ಬೆಂಕಿ ಹಾಕಿ ಕುಣಿದರು. ನಿಲುವಂಗಿ ತೊಟ್ಟ, ಗ್ರೀಕ್ ಓದಿದ, ಲೋಕದ ಅತ್ಯುತ್ತಮ ವಿದ್ಯಾಪೀಠದ ಹುಡುಗರು ಇವರು! ಕರ್ವೆಯವರು ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮವೊಂದನ್ನು ಆರಂಭಿಸಿದ್ದು ಇದಕ್ಕೆ ಒಂದೇ ವರ್ಷ ಮೊದಲು. ಮುರುಡಿನ ಬಹಿಷ್ಕಾರಕ್ಕೂ ಕೇಂಬ್ರಿಜ್ಜಿನ ಈ ಕುಣಿತಕ್ಕೂ ನಡುವೆ ಹೆಚ್ಚಿನ ಅಂತರವೇನೂ ನಮಗೆ ಕಾಣದು.

1899ರ ಜೂನ್ ತಿಂಗಳು ಬಂತು. ಸೆನೆಟ್ ಭವನದಲ್ಲಿ ಪಟ್ಟಿಯನ್ನು ಓದಿದಾಗ ಮೊದಲ ಸ್ಥಾನದಲ್ಲಿ ಎರಡು ಹೆಸರುಗಳಿದ್ದವು. ಒಂದು ಪೆಂಬ್ರೋಕ್ ಕಾಲೇಜಿನ ಜಾರ್ಜ್ ಬರ್ಟ್‌ವಿಸಲ್. ಇನ್ನೊಂದು ಸೇಂಟ್ ಜಾನ್ಸ್‌ನ ಪರಾಂಜಪೆ. ಇಬ್ಬರೂ ಸಮಾನರೆಂದು ಸಾರಲಾಯಿತು. ತಂತಿಯ ಮೂಲಕ ಸುದ್ದಿ ಭಾರತಕ್ಕೆ ಮುಟ್ಟಿತು. ಪತ್ರಿಕೆಗಳು ಅದನ್ನು ಹಬ್ಬದಂತೆ ಆಚರಿಸಿದವು. ಕ್ಷಾಮ, ಪ್ಲೇಗುಗಳಿಂದ ನಲುಗಿದ್ದ ದಿನಗಳು ಅವು. ಪುಣೆಯಲ್ಲಿ ಎರಡು ವರ್ಷದ ಹಿಂದಷ್ಟೇ ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆಯಾಗಿ, ಟಿಳಕರು ಸೆರೆಮನೆ ಕಂಡು ಬಂದಿದ್ದರು. ಆಳುವವರು ತಮ್ಮ ಬುದ್ಧಿಯ ಅಳತೆಗೋಲೆಂದು ಹೆಮ್ಮೆಪಡುತ್ತಿದ್ದ ಪರೀಕ್ಷೆಯಲ್ಲಿ, ಅವರ ನೆಲದಲ್ಲಿ, ಅವರ ಭಾಷೆಯಲ್ಲಿ, ನಮ್ಮ ಹುಡುಗನೊಬ್ಬ ಅವರ ಸರಿಸಮಕ್ಕೆ ನಿಂತನೆಂಬ ಸಂಗತಿ ಆ ಕಾಲದ ಜನಕ್ಕೆ ಎಂಥ ಧೈರ್ಯ ಕೊಟ್ಟಿರಬೇಕೆಂಬುದನ್ನು ಇಂದು ಊಹಿಸಿ ತಿಳಿಯಬೇಕು. ಹೆಸರಿಗೆ ರ‍್ಯಾಂಗ್ಲರ್ ಅಂಟಿಕೊಂಡದ್ದು ಅಂದಿನಿಂದ. 1901ರಲ್ಲಿ ಸೇಂಟ್ ಜಾನ್ಸ್ ಅವರನ್ನು ಫೆಲೋ ಆಗಿ ಆರಿಸಿಕೊಂಡಿತು.

ಆದರೆ ಆ ಅಳತೆಗೋಲು ಎಷ್ಟು ನೆಟ್ಟಗಿತ್ತು? ಕೆಲ್ವಿನ್, ಮ್ಯಾಕ್ಸ್‌ವೆಲ್, ಜೆ. ಜೆ. ಥಾಮ್ಸನ್—ಭೌತವಿಜ್ಞಾನದ ಈ ಮೂವರು ಮಹಾಪುರುಷರೂ ಟ್ರೈಪಾಸಿನಲ್ಲಿ ಎರಡನೆಯವರೇ. 1854ರಲ್ಲಿ ಮ್ಯಾಕ್ಸ್‌ವೆಲ್ಲರನ್ನು ಹಿಂದೆ ಹಾಕಿದವರು ಕೋಚ್ ರೌತ್! ಪರಾಂಜಪೆಯವರಿಗಿಂತ ಒಂದು ವರ್ಷ ಮೊದಲು, 1898ರಲ್ಲಿ, ನಾಲ್ಕನೆಯವರಾಗಿ ಬಂದ ಜಿ. ಎಚ್. ಹಾರ್ಡಿಯವರಿಗೆ ಈ ಕುದುರೆಜೂಜಿನ ಮೇಲೆ ಎಷ್ಟು ಜಿಗುಪ್ಸೆ ಬಂದಿತ್ತೆಂದರೆ ಗಣಿತ ಬಿಟ್ಟು ಇತಿಹಾಸ ಓದಲು ಹೊರಟಿದ್ದರು. ನೂರು ವರ್ಷಗಳ ಕಾಲ ಇಂಗ್ಲೆಂಡಿನ ಗಣಿತ ಫ್ರಾನ್ಸ್, ಜರ್ಮನಿಗಳ ಹಿಂದೆ ಬಿದ್ದದ್ದಕ್ಕೆ ಈ ಪರೀಕ್ಷೆಯೇ ಕಾರಣವೆಂಬುದು ಅವರ ನಿಶ್ಚಿತ ಮತ. ಇತರರೊಡನೆ ಸೇರಿ ಅವರು ಹೋರಾಡಿದ್ದರಿಂದ ಕ್ರಮಾಂಕದ ಪಟ್ಟಿ 1909ರಲ್ಲಿ ಕೊನೆಗೊಂಡಿತು. ಕಟ್ಟಕಡೆಯ ಮರದ ಚಮಚ ಸಿಕ್ಕಿದ್ದು ಸೇಂಟ್ ಜಾನ್ಸ್‌ನ ವಿದ್ಯಾರ್ಥಿಗೇ. ಹಾಗೆ ಕಾಲೇಜಿಗೆ ಮೊದಲನೆಯವನ ಕೀರ್ತಿಯೂ ಕೊನೆಯವನ ಕೀರ್ತಿಯೂ ಸಂದಿತು. ಇದೇ ಹಾರ್ಡಿಯವರು 1914ರಲ್ಲಿ ಶ್ರೀನಿವಾಸ ರಾಮಾನುಜನ್ನರನ್ನು ಕರೆಸಿಕೊಂಡರು. ಮದರಾಸಿನ ಎಫ್. ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗದ ರಾಮಾನುಜನ್ ಯಾವ ಪ್ರವೇಶಪರೀಕ್ಷೆಯ ಬಾಗಿಲಿನಿಂದಲೂ ಒಳಗೆ ಹೋಗಬಲ್ಲವರಾಗಿರಲಿಲ್ಲ. ಒಂದು ಪತ್ರದ ಮೂಲಕ ಒಳಹೋದರು. ಪರಾಂಜಪೆಯವರ ಹೆಸರಿನಲ್ಲಿ ಗಣಿತದ ಒಂದು ಪ್ರಮೇಯವೂ ಇಲ್ಲ. ಅವರ ಅಭಿಮಾನಿಗಳಿಗೆ ಈ ಮಾತು ಕಹಿಯೆನಿಸಬಹುದು. ಆದರೆ ಮರೆಮಾಚಿದರೆ ಅವರ ಉಳಿದ ಜೀವನದ ಬೆಲೆ ತಿಳಿಯುವುದಿಲ್ಲ.

ಆ ಬೆಲೆ ಇಂಥದು. ಸೀನಿಯರ್ ರ‍್ಯಾಂಗ್ಲರ್ ಆದವರಿಗೆ ಸರಕಾರಿ ವಿದ್ಯಾ ಇಲಾಖೆಯಲ್ಲಿ ದೊಡ್ಡ ಸಂಬಳದ ಹುದ್ದೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅವರು ಹಿಂದಿರುಗಿ ಬಂದು ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರಾದರು. ಟಿಳಕ, ಆಗರ್ಕರ್ ಮೊದಲಾದವರು 1884ರಲ್ಲಿ ಕಟ್ಟಿದ ಸಂಸ್ಥೆ ಅದು. ಆಜೀವ ಸದಸ್ಯನೆಂದರೆ ಇಪ್ಪತ್ತು ವರ್ಷ ಸಂಸ್ಥೆಗೆ ದುಡಿಯುವ ಪಣ. ತಿಂಗಳ ಸಂಬಳ ನೂರು ರೂಪಾಯಿಯೊಳಗೆ. ಗೋಖಲೆಯವರು ಫರ್ಗ್ಯುಸನ್ ಕಾಲೇಜಿನಿಂದ ಬಿಡುಗಡೆ ಪಡೆದ 1902ರಲ್ಲಿಯೇ ಪರಾಂಜಪೆಯವರು ಅದರ ಪ್ರಿನ್ಸಿಪಾಲರಾದರು. ಆಗ ಅವರ ವಯಸ್ಸು ಇಪ್ಪತ್ತಾರು. 1924ರವರೆಗೆ, ನಡುವೆ ಸಾರ್ವಜನಿಕ ಕೆಲಸಗಳಿಗಾಗಿ ಬಿಟ್ಟುಹೋದ ಕಾಲವನ್ನು ಕಳೆದು, ಅವರೇ ಆ ಕಾಲೇಜಿನ ಯಜಮಾನರು. ಸಾಧಾರಣ ವಿದ್ಯಾರ್ಥಿಗೆ ಬೀಜಗಣಿತ ಹೇಳಿಕೊಡುವ ಕೆಲಸದಲ್ಲಿ ಸೀನಿಯರ್ ರ‍್ಯಾಂಗ್ಲರನ ವಿದ್ಯೆ ವ್ಯರ್ಥವಾಯಿತೆಂದು ಆಗಲೂ ಅಂದವರಿದ್ದರು. ನಾವು ಹಾಗೆ ಅನ್ನಲಾರೆವು.

ಅನ್ನಲಾರದಿರುವುದಕ್ಕೆ ಕನ್ನಡಿಗರಾದ ನಮಗೆ ಪ್ರತ್ಯೇಕ ಕಾರಣವೂ ಇದೆ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮುಂಬಯಿ ವಿಶ್ವವಿದ್ಯಾಲಯವೇ ನಮ್ಮ ವಿಶ್ವವಿದ್ಯಾಲಯ. ಧಾರವಾಡದ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅಲ್ಲಿಯವರೆಗೆ ಮೆಟ್ರಿಕ್ ಮುಗಿಸಿದ ನಮ್ಮ ಹುಡುಗ ಮುಂದೆ ಓದಬೇಕೆಂದರೆ ಹಾಸಿಗೆ ಸುತ್ತಿಕೊಂಡು ಪುಣೆಯ ರೈಲು ಹತ್ತಬೇಕು, ಇಲ್ಲವೇ ಮುಂಬಯಿಗೆ ಹೋಗಬೇಕು. ಹಾಗೆ ರೈಲು ಹತ್ತಿ ಬಂದವರಲ್ಲಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರೊಬ್ಬರು. ಅವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಬಿ. ಎ. ಮುಗಿಸಿದ್ದು 1918ರಲ್ಲಿ, ಪರಾಂಜಪೆಯವರ ಆಳ್ವಿಕೆಯಲ್ಲಿಯೇ. ಅಂಕಿಗಳ ಹುಚ್ಚು ಬೇಂದ್ರೆಯವರನ್ನು ಮುಪ್ಪಿನಲ್ಲಿ ಎಷ್ಟು ಬಲವಾಗಿ ಹಿಡಿಯಿತೆಂಬುದು ಎಲ್ಲರಿಗೂ ಗೊತ್ತು. ಅದರ ಬೀಜ ಈ ಗಣಿತಜ್ಞರ ಕಾಲೇಜಿನ ಗಾಳಿಯಲ್ಲಿತ್ತೆಂದು ಹೇಳುವ ಸಾಹಸ ಮಾತ್ರ ನಾವು ಮಾಡುವುದಿಲ್ಲ. ಮುಂದೆ ಇದೇ ಸೊಸೈಟಿಯ ಕಾಲೇಜುಗಳಲ್ಲಿ ವಿ. ಕೃ. ಗೋಕಾಕರು ಪುಣೆಯಲ್ಲೂ ಸಾಂಗಲಿಯಲ್ಲೂ ಕಲಿಸಿದರು.

ಪ್ರಿನ್ಸಿಪಾ‌ಲರಾಗಿ ಅವರು ನಡೆದುಕೊಂಡದ್ದೆಲ್ಲ ಮೆಚ್ಚುವಂಥದಲ್ಲ. ವಂಗಭಂಗದ ವರ್ಷವಾದ 1905ರ ಅಕ್ಟೋಬರಿನಲ್ಲಿ ಪುಣೆಯ ವಿದ್ಯಾರ್ಥಿಗಳು ವಿದೇಶಿ ಬಟ್ಟೆಯ ರಾಶಿಗೆ ಬೆಂಕಿಯಿಟ್ಟರು. ಮುಂದಾಳು ಫರ್ಗ್ಯುಸನ್ನಿನ ವಿದ್ಯಾರ್ಥಿ ವಿನಾಯಕ ದಾಮೋದರ ಸಾವರ್ಕರ್. ಪರಾಂಜಪೆಯವರು ಅವರಿಗೆ ದಂಡ ಹಾಕಿ ವಸತಿಗೃಹದಿಂದ ಹೊರಗೆ ಹಾಕಿದರು. ಟಿಳಕರ ಕೇಸರಿ ಪತ್ರಿಕೆ ಇವರನ್ನು ಕಟುವಾಗಿ ಖಂಡಿಸಿತು. ಗೋಖಲೆಯವರ ಮಂದಗಾಮಿ ಪಂಥದ ಪರಾಂಜಪೆಯವರಿಗೆ ಕಾಲೇಜು ಉಳಿಯಬೇಕು, ಸರಕಾರದ ಕೆಂಗಣ್ಣು ಬೀಳಬಾರದು, ಹುಡುಗರು ಓದುವ ಕಾಲದಲ್ಲಿ ಓದಬೇಕು ಎಂಬ ಲೆಕ್ಕ. ದೇಶಕ್ಕೆ ಬೆಂಕಿ ಬಿದ್ದಾಗ ಓದೆಂಥದು ಎಂಬುದು ಹುಡುಗರ ಲೆಕ್ಕ. ಕೇಂಬ್ರಿಜ್ಜಿನಲ್ಲಿ ಹೆಣ್ಣಿನ ಗೊಂಬೆ ಹರಿದು ಬೆಂಕಿ ಹಾಕಿ ಕುಣಿದವರಿಗಿಂತ ಈ ಹುಡುಗರ ಬೆಂಕಿ ಎಷ್ಟೋ ಮೇಲಾದದ್ದು. ಆ ಭೇದವನ್ನು ಎರಡು ಊರನ್ನೂ ಬಲ್ಲ ಗುರುಗಳು ಗುರುತಿಸಬೇಕಾಗಿತ್ತೆಂದು ನಮ್ಮ ಅಭಿಪ್ರಾಯ. ಶಿಸ್ತನ್ನು ಕಾಯುವ ಹಟದಲ್ಲಿ ಅವರು ಅಂದು ತಪ್ಪಿದರು.

ತಪ್ಪದೆ ನಿಂತದ್ದು ಇನ್ನೊಂದು ಕಡೆ. 1916ರಲ್ಲಿ ಕರ್ವೆಯವರು ಭಾರತೀಯ ಮಹಿಳಾ ವಿಶ್ವವಿದ್ಯಾಲಯವನ್ನು ಆರಂಭಿಸಿದಾಗ ಅದರ ಮೊದಲ ಉಪಕುಲಪತಿಗಳಾಗಿ ನಿಂತವರು ಪರಾಂಜಪೆಯವರು. ಸರಕಾರದ ಮನ್ನಣೆಯಿಲ್ಲ, ಕಟ್ಟಡವಿಲ್ಲ, ವಿದ್ಯಾರ್ಥಿನಿಯರು ಬೆರಳೆಣಿಕೆಯಷ್ಟು. ಕಲಿಸುವ ಮಾಧ್ಯಮ ಮಾತೃಭಾಷೆ. ಇಂಗ್ಲಿಷು ಒಂದು ವಿಷಯವಾಗಿ ಮಾತ್ರ. ಇಂಗ್ಲಿಷಿನ ಪರೀಕ್ಷೆಯಲ್ಲಿ ಲೋಕವನ್ನೇ ಗೆದ್ದವರು ಮಾತೃಭಾಷೆಯ ಇಂಥ ವಿಶ್ವವಿದ್ಯಾಲಯಕ್ಕೆ ತಮ್ಮ ಹೆಸರು ಕೊಟ್ಟದ್ದು ಸಣ್ಣ ಮಾತಲ್ಲ; ನಕ್ಕವರ ಬಾಯಿ ಮುಚ್ಚಲು ಆ ರ‍್ಯಾಂಗ್ಲರ್ ಎಂಬ ಒಂದು ಶಬ್ದ ಸಾಕಾಗಿದ್ದಿರಬೇಕು. 1897ರಲ್ಲಿ ಕೇಂಬ್ರಿಜ್ ಕೊಡಲೊಲ್ಲದ ಪದವಿಯನ್ನು ಹೆಣ್ಣುಮಕ್ಕಳಿಗೆ ಕೊಡುವ ಅಧಿಕಾರಸ್ಥಾನದಲ್ಲಿ ಆ ಕೇಂಬ್ರಿಜ್ಜಿನ ಸೀನಿಯರ್ ರ‍್ಯಾಂಗ್ಲರ್ ಕುಳಿತರು. 1920ರಲ್ಲಿ ಠಾಕರ್ಸಿಯವರ 15 ಲಕ್ಷ ರೂಪಾಯಿಯ ದಾನದಿಂದ ಬಲಗೊಂಡ ಈ ಸಂಸ್ಥೆಯನ್ನೇ ಮುಂಬಯಿಯ ನಮ್ಮ ಬಂಧುಗಳು ಎಸ್. ಎನ್. ಡಿ. ಟಿ. ಎಂದು ಕರೆಯುತ್ತಾರೆ.

ಮುಂದಿನದನ್ನು ಬೇಗ ಹೇಳಿಬಿಡಬಹುದು. 1921ರಿಂದ 1923ರವರೆಗೆ ಮುಂಬಯಿ ಪ್ರಾಂತದ ವಿದ್ಯಾಮಂತ್ರಿ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ದಾರಿ ತೆರೆದ 1923ರ ಕಾಯದೆ ಅವರ ಕಾಲದ್ದು, ನಮ್ಮ ಧಾರವಾಡ ಜಿಲ್ಲೆಯ ಹಳ್ಳಿಶಾಲೆಗಳಿಗೂ ಅದು ಅನ್ವಯಿಸಿತು. ಕೆಲವು ವರ್ಷ ಲಂಡನ್ನಿನಲ್ಲಿ ಭಾರತಮಂತ್ರಿಗಳ ಮಂಡಲಿಯ ಸದಸ್ಯ. 1932ರಿಂದ ಲಖನೌ ವಿಶ್ವವಿದ್ಯಾಲಯದ ಉಪಕುಲಪತಿ. 1944ರಿಂದ 1947ರವರೆಗೆ ಆಸ್ಟ್ರೇಲಿಯದಲ್ಲಿ ಭಾರತದ ಹೈಕಮಿಶನರ್. ಎಂಬತ್ತನೆಯ ವರ್ಷದಲ್ಲಿ, 1956ರಲ್ಲಿ, ಪುಣೆ ವಿಶ್ವವಿದ್ಯಾಲಯದ ಉಪಕುಲಪತಿ. ಅದೇ ವರ್ಷದ ನವೆಂಬರ್ ಒಂದರಂದು ಕನ್ನಡನಾಡು ಒಂದಾಯಿತು. ಆ ಹೊತ್ತಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದವರು ಗೋಕಾಕ ತಾಲ್ಲೂಕಿನ ಮಮದಾಪುರದ ದಾದಪ್ಪ ಚಿಂತಪ್ಪ ಪಾವಟೆಯವರು. ಅವರೂ ಕೇಂಬ್ರಿಜ್ಜಿನ ರ‍್ಯಾಂಗ್ಲರೇ, ಸಿಡ್ನಿ ಸಸೆಕ್ಸ್ ಕಾಲೇಜಿನವರು. ಕ್ರಮಾಂಕದ ಪಟ್ಟಿ ಹೋದ ಮೇಲೆ ಓದಿದವರಾದ್ದರಿಂದ ಅವರು ಎಷ್ಟನೆಯವರೆಂದು ಸಾರುವ ಪ್ರಮೇಯ ಬರಲಿಲ್ಲ. ಹಳೆಯ ಮುಂಬಯಿ ವಿಶ್ವವಿದ್ಯಾಲಯದ ಸೆರಗಿನಿಂದ ಬೇರ್ಪಟ್ಟ ಎರಡು ನೆರೆಯ ವಿಶ್ವವಿದ್ಯಾಲಯಗಳನ್ನು, ಗಡಿಯ ಜಗಳ ಬಿಸಿಯಾಗಿದ್ದ ಕಾಲದಲ್ಲಿ, ಇಬ್ಬರು ರ‍್ಯಾಂಗ್ಲರುಗಳು ಇತ್ತ ಅತ್ತ ನಡೆಸುತ್ತಿದ್ದರು.

ಪರಾಂಜಪೆಯವರು 1961ರಲ್ಲಿ ತಮ್ಮ ಆತ್ಮಕಥೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಎಂಬತ್ತನಾಲ್ಕು, ಔಟಾಗಿಲ್ಲ ಎಂಬ ಅರ್ಥದ ಕ್ರಿಕೆಟ್ಟಿನ ಹೆಸರು ಅದಕ್ಕೆ. 1966ರ ಮೇ 6ರಂದು ಅವರ ಇನ್ನಿಂಗ್ಸು ತೊಂಬತ್ತಕ್ಕೆ ಮುಗಿಯಿತು. ಕರ್ವೆಯವರು ನೂರು ದಾಟಿ, ಭಾರತರತ್ನವಾಗಿ, ಅದಕ್ಕೆ ನಾಲ್ಕು ವರ್ಷ ಮುಂಚೆ ತೀರಿಕೊಂಡಿದ್ದರು.

ಮಗಳ ವಿಷಯವೊಂದು ಉಳಿಯಿತು. ಒಬ್ಬಳೇ ಮಗಳಾದ ಶಕುಂತಲೆಯನ್ನು ಅವರು ಕೇಂಬ್ರಿಜ್ಜಿಗೆ ಕಳಿಸಿ ಗಣಿತವನ್ನೇ ಓದಿಸಿದರು. ಆಕೆ ಸೇರಿದ್ದು ನ್ಯೂನಮ್ ಕಾಲೇಜಿಗೆ, 1897ರ ಆ ದಿನ ಹರಿದ ಗೊಂಬೆಯನ್ನು ಯಾರ ಬಾಗಿಲಿಗೆ ಒಯ್ದಿದ್ದರೋ ಅದೇ ಕಾಲೇಜಿಗೆ. 1929ರಲ್ಲಿ ಟ್ರೈಪಾಸ್ ಮುಗಿಸಿದಾಗಲೂ ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಕೊಡುತ್ತಿದ್ದದ್ದು ಹೆಸರಿಗೆ ಮಾತ್ರದ ಪದವಿ. ವಿಶ್ವವಿದ್ಯಾಲಯದ ಆಡಳಿತದಲ್ಲಿ ಮತ ಹಾಕುವ ಹಕ್ಕಿನೊಂದಿಗೆ ಪೂರ್ಣ ಪದವಿ ಸಿಕ್ಕಿದ್ದು 1948ರಲ್ಲಿ. ಶಕುಂತಲಾ ಪರಾಂಜಪೆಯವರು ಊರಿಗೆ ಬಂದು ಸಂತಾನನಿಯಂತ್ರಣದ ಪ್ರಚಾರಕ್ಕೆ, ಅದರ ಹೆಸರೆತ್ತುವುದೂ ಅಸಭ್ಯವೆನಿಸಿದ್ದ ಕಾಲದಲ್ಲಿ, ಕರ್ವೆಯವರ ಮಗ ರಘುನಾಥರಾಯರೊಡನೆ ದುಡಿದರು. ಚಿತ್ರನಿರ್ದೇಶಕಿ ಸಯಿ ಪರಾಂಜಪೆ ಆಕೆಯ ಮಗಳು. ತಂದೆ ಓದಿದ ಸೇಂಟ್ ಜಾನ್ಸ್ ಕಾಲೇಜು ಪದವಿ ತರಗತಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1982ರಲ್ಲಿ. ಆ ವೇಳೆಗೆ ರ‍್ಯಾಂಗ್ಲರ್ ಪರಾಂಜಪೆಯವರು ಗತಿಸಿ ಹದಿನಾರು ವರ್ಷವಾಗಿತ್ತು.